ಎಕ್ಸ್‌ಚೇಂಜ್ ನಾರಾಯಣಮ್ಮನವರ ದಾರಿ

ವಿಮಾನವನ್ನು ಒಮ್ಮೆಯೂ ಹತ್ತದ ನಾರಾಯಣಮ್ಮನವರಿಗೆ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಊರೊಳಕ್ಕೆ ಅಗ್ಗವಾಗಿ ಹೋಗುವ ದಾರಿಗಳೆಲ್ಲ ಬಾಯಿಪಾಠವಾಗಿದ್ದವು. ಗೌರಿಬಿದನೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರು ಆಪರೇಟರ್. ಎಂಬತ್ತರ ದಶಕದಲ್ಲಿ ಗಲ್ಫ್‌ನಿಂದ ಬರುವ ಕರೆಗಳನ್ನು ಮನೆಗಳಿಗೆ ಜೋಡಿಸುತ್ತಿದ್ದವರು ಅವರೇ ಆದ್ದರಿಂದ, ಯಾರು ಯಾವತ್ತು ಬರುತ್ತಾರೆಂಬುದು ಮನೆಯವರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಬಂದವರನ್ನು ಕರೆತರಲು, ಬೆಂಗಳೂರೆಂದರೆ ಅಂಜುವ ಮನೆಯವರ ಜೊತೆ ರಜೆ ಹಾಕಿ ತಾವೇ ಹೊರಡುತ್ತಿದ್ದರು.

"ಗೇಟಿನೊಳಗೆ ನಿಂತಿರೋದೆಲ್ಲ ವಿಮಾನದ ರೇಟು. ಗೇಟು ದಾಟಿದ್ರೆ ನೆಲದ ರೇಟು" ಎನ್ನುವುದು ಅವರ ಮೊದಲ ಪಾಠ. ಹೊರಬಂದವರು ಆಚೀಚೆ ನೋಡಬಾರದು ಎನ್ನುವುದು ಎರಡನೆಯದು. "ಯಾರ ಮೇಲೋ ಸಿಟ್ಟು ಬಂದೋರ ತರ ನಡೀಬೇಕು. ಸಿಟ್ಟಾಗಿರೋರನ್ನ ಟ್ಯಾಕ್ಸಿಯೋರು ಮಾತಾಡ್ಸಲ್ಲ."

ನನ್ನ ಅಕ್ಕ ಪದ್ಮ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದಳು. ಅವಳು ಮೊದಲ ಸಲ ರಜೆಗೆ ಬಂದಾಗ ನಾನೂ ನಾರಾಯಣಮ್ಮನವರೂ ಹೋದೆವು. ಟ್ಯಾಕ್ಸಿಯವನೊಬ್ಬ ನಮ್ಮ ಸಿಟ್ಟಿಗೆ ಹೆದರದೆ ಬೆನ್ನು ಹತ್ತಿದ. "ವದ್ದು ನಾಯನಾ, ಮಾ ಬಂಡಿ ವಸ್ತುಂದಿ" ಎಂದು ನಾರಾಯಣಮ್ಮನವರು ತೆಲುಗಿನಲ್ಲಿ ಹೇಳಿದರು. ನಮ್ಮದೇ ಗಾಡಿ ಬರುತ್ತದೆಂದು ನಂಬಿ ಅವನು ಮರ್ಯಾದೆಯಿಂದ ದೂರ ನಿಂತ. ಹತ್ತು ನಿಮಿಷಕ್ಕೆ ಮೆಜೆಸ್ಟಿಕ್ಕಿನ ಸಿಟಿ ಬಸ್ಸು ಬಂತು. ಅವನಿಗೆ ಕೈಮುಗಿದು ಹತ್ತಿದರು.

ಅಕ್ಕನ ದೊಡ್ಡ ಸೂಟ್‌ಕೇಸನ್ನು ಸೀಟಿನ ಮೇಲೆ, ಕಿಟಕಿಯ ಪಕ್ಕ ಕೂರಿಸಿದ್ದರು. ಕಂಡಕ್ಟರ್ ಬಂದು, "ಅಮ್ಮ, ಪೆಟ್ಟಿಗೆ ಕೆಳಗಿಡಿ" ಎಂದ.

"ಅದಕ್ಕೂ ಟಿಕೆಟ್ ಕೊಡಪ್ಪ. ಅದೂ ಮಸ್ಕತ್ತಿಂದಾನೇ ಬಂದಿರೋದು, ಸುಸ್ತಾಗಿದೆ."

ಕಂಡಕ್ಟರ್ ಪೆಟ್ಟಿಗೆಗೂ ಒಂದು ಟಿಕೆಟ್ ಹರಿದುಕೊಟ್ಟ. ಮೆಜೆಸ್ಟಿಕ್ಕಿನಿಂದ ಹಿಂದೂಪುರದ ಪ್ಯಾಸೆಂಜರ್ ರೈಲು ಹಿಡಿದು ಊರು ಸೇರಿದೆವು.

ನಾಲ್ಕು ವರ್ಷ ಕಳೆದ ಮೇಲೆ ಒಂದು ಕರೆ ಬಂತು. ಅಕ್ಕ ತಾನು ಬರುವ ದಿನ ಹೇಳಿ ಫೋನ್ ಇಟ್ಟುಬಿಟ್ಟಳು. ಸಂಜೆ ನಾರಾಯಣಮ್ಮನವರು ಮನೆಗೆ ಬಂದು, "ಅವಳ ದನಿ ಸರಿಯಿಲ್ಲ ಕಣಪ್ಪ. ಅಮ್ಮನಿಗೆ ಹೇಳ್ಬೇಡ. ನಾನೂ ಬರ್ತೀನಿ" ಎಂದರು.

ವಿಮಾನ ನಿಲ್ದಾಣದಲ್ಲಿ ಅಲ್ಲಿನ ಸಿಬ್ಬಂದಿ ಅಕ್ಕನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಮಸ್ಕತ್ತಿನಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತಂತೆ, ನಮಗೆ ಬರೆದಿರಲಿಲ್ಲ. ನಾರಾಯಣಮ್ಮನವರು ಎಲ್ಲಕ್ಕಿಂತ ಹತ್ತಿರ ನಿಂತಿದ್ದ ಟ್ಯಾಕ್ಸಿಗೆ, ಗೇಟಿನೊಳಗಿನದಕ್ಕೇ, ನೆಟ್ಟಗೆ ನಡೆದರು. ಗೌರಿಬಿದನೂರಿನ ತನಕ ಎಂದಾಗ ಡ್ರೈವರ್ ಒಂದು ದರ ಹೇಳಿದ. ಅವರು "ಆಯ್ತು" ಎಂದರು. ಚೌಕಾಸಿಗೆ ಸಿದ್ಧನಾಗಿದ್ದ ಅವನಿಗೆ ಅನುಮಾನ ಬಂದು, "ಎಷ್ಟು ಹೇಳ್ದೆ ಅಂತ ಕೇಳಿಸ್ತಾ ಅಮ್ಮ?" ಎಂದ.

"ಕೇಳಿಸ್ತು. ನಿಧಾನಕ್ಕೆ ಓಡ್ಸು. ಗುಂಡಿ ಕಂಡ್ರೆ ನಿಲ್ಸಿ ಮೆಲ್ಲಗೆ ದಾಟ್ಸು."

ಅಕ್ಕನ ತಲೆ ಅವರ ತೊಡೆಯ ಮೇಲಿತ್ತು. ಕಣ್ಣು ಮುಚ್ಚಿಕೊಂಡೇ ಅವಳು, "ಯಾಕಮ್ಮ, ಬಸ್ಸಿಲ್ವಾ?" ಎಂದಳು.

"ಇವತ್ತು ಬಸ್ಸಿಲ್ಲ ಕಣೇ, ಸ್ಟ್ರೈಕು."

ಆಗಲೇ ಮೆಜೆಸ್ಟಿಕ್ಕಿನ ಬಸ್ಸೊಂದು ಹಾರನ್ ಹೊಡೆಯುತ್ತ ನಮ್ಮನ್ನು ದಾಟಿಹೋಯಿತು. ಒಳಗೆ ಅರ್ಧಕ್ಕರ್ಧ ಖಾಲಿ. ದೊಡ್ಡಬಳ್ಳಾಪುರ ದಾಟುವವರೆಗೂ ಅವರ ಅಂಗೈ ಅಕ್ಕನ ಕಣ್ಣಿನ ಮೇಲೇ ಇತ್ತು.

ಅಕ್ಕ ಚೇತರಿಸಿಕೊಂಡಳು. ಮತ್ತೆ ಮಸ್ಕತ್ತಿಗೆ ಹೋಗದೆ ಚಿಕ್ಕಬಳ್ಳಾಪುರದ ನರ್ಸಿಂಗ್ ಹೋಮೊಂದರಲ್ಲಿ ಕೆಲಸಕ್ಕೆ ಸೇರಿದಳು. ಎಕ್ಸ್‌ಚೇಂಜಿಗೆ ತಾನೇ ಕರೆ ಜೋಡಿಸುವ ಯಂತ್ರ ಬಂತು. ನಾರಾಯಣಮ್ಮನವರು ನಿವೃತ್ತರಾಗಿ ಚಿಂತಾಮಣಿಯ ಮಗಳ ಮನೆಗೆ ಹೋದರು.

ತೊಂಬತ್ತರ ದಶಕದ ಕೊನೆಗೆ ಅವರನ್ನು ನೋಡಲು ಹೋಗಿದ್ದೆ. ಮಧ್ಯಾಹ್ನ ಊಟವಾದ ಮೇಲೆ, ಬೇಡವೆಂದರೂ ಕೇಳದೆ ಬಸ್ ಸ್ಟ್ಯಾಂಡಿಗೆ ಜೊತೆಗೇ ಬಂದರು. ಚಿಕ್ಕಬಳ್ಳಾಪುರದ ಬಸ್ಸು ನಿಂತಿತ್ತು. ಅವರು ಇಣುಕಿ ನೋಡಿ, "ಇದು ಬೇಡ. ಡ್ರೈವರ್ ಊಟ ಮಾಡ್ದಂಗಿಲ್ಲ, ಹಾರಿಸ್ಕೊಂಡು ಹೋಗ್ತಾನೆ" ಎಂದರು. ಕಲ್ಲುಬೆಂಚಿನ ಮೇಲೆ ಕೂತು ಅಕ್ಕನ ವಿಷಯ ಕೇಳಿದರು. ಎರಡನೇ ಬಸ್ಸು ಬಂತು. "ಇದೂ ಬೇಡ. ಕಿಟಕಿ ಅದುರ್ತಾವೆ." ಮತ್ತೆ ಅಕ್ಕನ ವಿಷಯ, ನನ್ನ ಮಕ್ಕಳ ವಿಷಯ. ಮೂರನೆಯದರಲ್ಲಿ ಅವರಿಗೆ ಯಾವ ದೋಷವೂ ಸಿಗಲಿಲ್ಲ. ಸುತ್ತ ಒಂದು ಸಲ ನಡೆದು ನೋಡಿ ಬಂದು, "ಹತ್ತಪ್ಪ" ಎಂದರು.

ಆರು ತಿಂಗಳಿಗೆ ಅವರು ತೀರಿಹೋದ ಸುದ್ದಿ ಬಂತು. ಚಿಂತಾಮಣಿಗೆ ಹೋಗಿದ್ದ ಆ ದಿನ ನನಗೆ ಮನೆಯಲ್ಲಿ ಕೆಲಸವೇನೂ ಇರಲಿಲ್ಲ. ನಾಲ್ಕನೇ ಬಸ್ಸಿಗೆ ಹೋಗಬಹುದಿತ್ತು.