ಎದುರಾಳಿಗಳು ಓಡಿದಾಗ ನಡೆದವರು

ಕಳೆದ ಭಾನುವಾರ ಮೊಣಕಾಲಿಗೆ ಮಹಾನಾರಾಯಣ ತೈಲ ಹಚ್ಚಿಕೊಂಡು ಟಿವಿ ಮುಂದೆ ಕುಳಿತಿದ್ದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಹೂಸ್ಟನ್ ಹತ್ತಿರದ ಕೇಟಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾದರು. ಮೊಣಕಾಲಿನ ಆಪರೇಷನ್ ಆದಮೇಲೆ ಅವರ ಮನೆಯ ಸೋಫಾ, ಪರದೆ, ಕೊನೆಗೆ ಆಂಟಿ ಕೊಡುತ್ತಿದ್ದ ಚಹಾ ಕೂಡ ಇದೇ ವಾಸನೆ ಹೊಡೆಯುತ್ತಿತ್ತು...

ಧಾರವಾಡದ ಕಡೆಯವರು, ಎಂಜಿನಿಯರ್ ಆಗಿ ರಿಟೈರ್ ಆದವರು. ಅಮೆರಿಕನ್ ಫುಟ್‌ಬಾಲ್ ಎಂದರೆ ಊಟ ತಿಂಡಿ ಬೇಡ. ಭಾನುವಾರದ ಆಟ ನೋಡಲು ನಾನೂ ಅವರ ಮನೆಗೇ ಹೋಗುತ್ತಿದ್ದೆ. ಚೆಂಡನ್ನು ದೂರಕ್ಕೆ ಎಸೆದು ಗೆಲ್ಲುವುದು ಅವರ ಪ್ರಕಾರ ಆಟವೇ ಅಲ್ಲ. ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡಬೇಕು. ಈ ನಂಬಿಕೆಯೇ ಅವರಿಗೆ ಮುಳುವಾಯಿತು.

ಮೂರು ಗಂಟೆ ದಾರಿಯ ಲಿಯಾಂಡರ್ ಊರಿನಲ್ಲಿ ಮಗಳ ಹೊಸ ಮನೆಯ ಗೃಹಪ್ರವೇಶ ಹತ್ತಿರ ಬಂದಿತ್ತು. ಆಂಟಿಗೆ ಒಂದೇ ಆಸೆ: ಗಂಡ ಗಾಲಿಕುರ್ಚಿಯಲ್ಲಿ ಒಳಗೆ ಹೋಗಬಾರದು, ಆಪರೇಷನ್ ಆದ ಆ ಬಲಗಾಲನ್ನೇ ಮೊದಲಿಟ್ಟು ಹೊಸ್ತಿಲು ದಾಟಬೇಕು. ನಡೆಯದಿದ್ದರೆ ಕಾಲು ಬಿಗಿದುಹೋಗುತ್ತದೆ ಎಂದು ಡಾಕ್ಟರೂ ಹೆದರಿಸಿದ್ದರು. ಅಂಕಲ್‌ಗೆ ನೋವೆಂದರೆ ಜೀವಭಯ. ಹೆಂಡತಿಯ ಕಾಟ ತಾಳದೆ ಒಂದು ದಿನ ದೇವರ ಮುಂದೆ ಹರಕೆ ಹೊತ್ತುಬಿಟ್ಟರು. ಪ್ರತಿ ಆಟದಲ್ಲೂ ನಮ್ಮೂರ ತಂಡ ಚೆಂಡು ಹಿಡಿದು ಎಷ್ಟು ದೂರ ಓಡುತ್ತದೋ ಅಷ್ಟು ದೂರ ತಾನು ನಡೆಯುವುದು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಆ ಸಲವೇ ನಮ್ಮ ತಂಡದ ಓಟ ನೆಲ ಕಚ್ಚಬೇಕೆ? ಓಟಗಾರನ ಕೈಗೆ ಚೆಂಡು ಬರುವುದು, ಅವನು ಮುಂದಡಿಯಿಡುವಷ್ಟರಲ್ಲಿ ಅವನ ಮೇಲೆ ಒಂದು ರಾಶಿ ಜನ ಬೀಳುವುದು. ಅಂಕಲ್ ಸೋಫಾಕ್ಕೆ ಒರಗಿ, ಅವರೇ ಓಡದಿದ್ದರೆ ನಾನೇನು ಮಾಡಲಿ ಎಂಬಂತೆ ಕೈ ತಿರುಗಿಸುತ್ತಿದ್ದರು. ಎಂದೂ ಆಟದ ಕಡೆ ತಿರುಗಿ ನೋಡದ ಆಂಟಿ ಕುರ್ಚಿ ಎಳೆದುಕೊಂಡು ಕೂತರು. ಇವನೇಕೆ ಓಡುತ್ತಿಲ್ಲ ಎಂದು ನನ್ನನ್ನು ಕೇಳಿದರು. ಮುಂದಿರುವವರು ಎದುರಾಳಿಗಳನ್ನು ತಳ್ಳಿ ದಾರಿ ಮಾಡಿಕೊಡಬೇಕು, ಅದು ಆಗುತ್ತಿಲ್ಲ ಎಂದೆ.

"ದಾರೀನ ಮಾಡಿ ಕೊಡ್ಲಿಲ್ಲಂದ್ರ ಪಾಪ, ಅವನರ ಎಲ್ಲಿ ಓಡ್ಯಾನ್ರಿ," ಎಂದರು. ಇಡೀ ಹೂಸ್ಟನ್ ಬೈಯುತ್ತಿದ್ದ ಆ ಹುಡುಗನ ಬಗ್ಗೆ ಮರುಗಿದ್ದು ಅವರೊಬ್ಬರೇ ಇರಬೇಕು.

ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಆಂಟಿ ದೇವರಿಗೆ ತಪ್ಪುಕಾಣಿಕೆ ತೆಗೆದಿಟ್ಟು ಹರಕೆಯನ್ನೇ ತಿದ್ದಿಬಿಟ್ಟಿದ್ದರು. ಇನ್ನು ಮೇಲೆ ಎದುರಾಳಿಗಳು ಓಡಿದ್ದೂ ಲೆಕ್ಕಕ್ಕೆ. ಅಂಕಲ್ ಮುಖ ನೋಡಬೇಕಿತ್ತು. ದೇವರೆದುರು ಆದ ಮಾತು, ಅಲ್ಲಗಳೆಯುವಂತಿಲ್ಲ. ನಮ್ಮವರಿಗೆ ಓಡಲು ಬಾರದಿದ್ದಂತೆ ಓಡುವವರನ್ನು ಹಿಡಿಯಲೂ ಬರುತ್ತಿರಲಿಲ್ಲ. ಬಂದವರೆಲ್ಲ ಖಾಲಿ ಹೈವೇ ಸಿಕ್ಕಂತೆ ಓಡಿದರು. ಅಂಕಲ್ ವಾಕರ್ ಹಿಡಿದು ಹಾಲ್‌ನಿಂದ ಅಡುಗೆಮನೆಗೆ, ಅಲ್ಲಿಂದ ಬಾಗಿಲಿಗೆ, ಪ್ರತಿ ಸುತ್ತಿಗೂ ನಮ್ಮ ತಂಡಕ್ಕೆ ಸಹಸ್ರನಾಮ ಮಾಡುತ್ತ ನಡೆದರು. ತಂಡ ಹೀನಾಯವಾಗಿ ಸೋತ ದಿನ ಆಂಟಿ ಖುಷಿಯಿಂದ ಶಿರಾ ಮಾಡುತ್ತಿದ್ದರು. ಟಿವಿಯಲ್ಲಿ ಸೋಲು, ಬಾಯಲ್ಲಿ ಶಿರಾ... ಅಷ್ಟು ಚೆಂದದ ಭಾನುವಾರಗಳು ನನಗೆ ಮತ್ತೆ ಸಿಕ್ಕಿಲ್ಲ.

ಲಿಯಾಂಡರ್‌ನ ಹೊಸ ಮನೆಯ ಬಾಗಿಲಲ್ಲಿ ಅಂಕಲ್ ತಮ್ಮ ಕೋಲನ್ನು ನನ್ನ ಕೈಗಿತ್ತರು. ಆಂಟಿಯ ಕಣ್ಣು ಅವರ ಪಾದದ ಮೇಲೇ ಇತ್ತು. ಅಂಕಲ್ ಉಸಿರು ಬಿಗಿಹಿಡಿದು ಬಲಗಾಲನ್ನು ಎತ್ತಿ ಹೊಸ್ತಿಲಾಚೆ ಇಟ್ಟರು. ಆಂಟಿ ಸೆರಗಿನಿಂದ ಮುಖ ಒರೆಸಿಕೊಂಡರು. ಅಂಕಲ್ ನನ್ನ ಕಡೆ ತಿರುಗಿ, "ಅಷ್ಟೂ ಸೋತದ್ದು ಸಾರ್ಥಕಾತು ಬಿಡ್ರಿ," ಎಂದರು.

ಆಮೇಲೆ ಕೆಲವು ವರ್ಷ ಸಂಜೆ ಹೊತ್ತು ನನ್ನ ಜೊತೆ ವಾಕಿಂಗ್ ಬರುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಆಂಟಿ ಈಗ ಮಗಳ ಮನೆಯಲ್ಲಿದ್ದಾರೆ. ಭಾನುವಾರ ಆಟ ಮುಗಿದ ಮೇಲೆ ಫೋನ್ ಮಾಡುತ್ತಾರೆ, ಯಾರು ಗೆದ್ದರೆಂದು ಮಾತ್ರ ಕೇಳುವುದಿಲ್ಲ. ಈ ಸಲವೂ, ಓಡಿದರೇ ಎಂದಷ್ಟೇ ಕೇಳಿದರು. ನಮ್ಮವರು ಬಹಳ ಚೆನ್ನಾಗಿ ಓಡಿದರು ಎಂದೆ.

"ಛಲೋ ಆತು," ಎಂದರು. "ಈಗ ಓಡ್ತಾರ ನೋಡ್ರಿ... ನಡಿಯಾವ್ರು ಹೋದ ಮ್ಯಾಲೆ."