ಏಕಾದಶಿಯಂದು ಮಿಡತೆಗಳ ಊಟ

ಬಾಲ್ಕನಿಯಲ್ಲಿ ಅತ್ತೆ ಮಿಡತೆಗಳ ಡಬ್ಬಿಯ ಮುಂದೆ ಕುಳಿತು, ಒಳಗೆ ದಂಟಿನ ಸೊಪ್ಪು ಹಾಕುತ್ತಿದ್ದರು. ಅವತ್ತು ಏಕಾದಶಿ. ಬೆಳಗಿನಿಂದ ತೊಟ್ಟು ನೀರೂ ಕುಡಿಯದಿದ್ದ ಅವರನ್ನು ಅಲ್ಲಿ ಕಂಡು ನಾನು ಬಾಗಿಲಲ್ಲೇ ನಿಂತೆ.

ಮಿಡತೆಗಳು ನನ್ನ ಗಂಡ ಸಾಕಿರುವ ವಿದೇಶಿ ಊಸರವಳ್ಳಿಯ ಆಹಾರ. ಎರಡು ದಿನದಲ್ಲಿ ಅದರ ಬಾಯಿಗೆ ಹೋಗುವ ಹುಳಕ್ಕೆ ಬೇರೆ ಊಟ ಯಾಕೆ ಎಂದು ಗಂಡ ಏನೂ ಹಾಕುತ್ತಿರಲಿಲ್ಲ.

“ಅತ್ತೆ, ನಾಳೆ ಇವನ್ನ ಅದಕ್ಕೆ ಹಾಕ್ತಾರೆ” ಎಂದೆ.

“ಗೊತ್ತು ಮಾರಾಯ್ತಿ. ಏಕಾದಶಿ ನನಗೆ, ಅವಕ್ಕಲ್ಲ. ನಮ್ಮನೇಲಿ ಇರೋ ತನಕ ಹಸ್ಕೊಂಡಿರಬಾರ್ದು” ಎಂದು ಒಂದಿಷ್ಟು ಕ್ಯಾರೆಟ್ ತುರಿಯನ್ನೂ ಉದುರಿಸಿದರು. ಅಂದಿನಿಂದ ಅದು ಅವರ ನಿತ್ಯದ ಕೆಲಸವಾಯಿತು.

ಆಗ ಊಸರವಳ್ಳಿಗೆ ಕೊಂಬೆ ಹಿಡಿಯಲೂ ತ್ರಾಣವಿರಲಿಲ್ಲ. ಕೆಲವು ವಾರಗಳಲ್ಲಿ ಚುರುಕಾಯಿತು. ಬಿಸಿಲಿನ ಬದಲಿಗೆಂದು ಗೂಡಿಗೆ ತಾನು ಹಾಕಿದ ಹೊಸ ಬಲ್ಬಿನಿಂದಲೇ ಎಂದು ಗಂಡ ಬೀಗಿದರು. ಒಮ್ಮೆ ಭದ್ರಾವತಿಯಿಂದ ಅದನ್ನು ಶಿವಮೊಗ್ಗದ ಪಶುವೈದ್ಯರ ಹತ್ತಿರ ಒಯ್ದಾಗ ವೈದ್ಯರು ಬಲ್ಬಿನ ಮಾತೇ ಎತ್ತದೆ, ಹುಳಗಳಿಗೆ ಏನು ಹಾಕುತ್ತೀರಿ ಎಂದು ಕೇಳಿದರು. ನಾನು ಅತ್ತೆಯ ಸೊಪ್ಪಿನ ವಿಷಯ ಹೇಳಿದೆ.

“ಮಿಡತೆಗಳಿಗೆ ಸೊಪ್ಪು ಹಾಕ್ತಿದ್ದೀರಾ? ಒಳ್ಳೇದಾಯ್ತು. ಹಸಿದ ಹುಳದಲ್ಲಿ ಸತ್ವ ಇರಲ್ಲ. ಅದು ತಿಂದಿದ್ದೇ ಇದಕ್ಕೆ ಶಕ್ತಿ” ಎಂದರು.

ಅತ್ತೆ ಈಗಲೂ ಊಸರವಳ್ಳಿಯ ಗೂಡಿನತ್ತ ಸುಳಿಯುವುದಿಲ್ಲ, ಅದರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ಮಿಡತೆಗಳಿಗೆ ಮಾತ್ರ ಒಂದು ದಿನವೂ ಸೊಪ್ಪು ತಪ್ಪಿಸಿಲ್ಲ. ಆ ಸೊಪ್ಪು ಕೊನೆಗೆ ಯಾರನ್ನು ಸಾಕುತ್ತಿದೆ ಎಂದು ನಾವಿಬ್ಬರೂ ಅವರಿಗೆ ಹೇಳಿಲ್ಲ.