ಮಾವನ ಮಳೆ ಖಾನೆ

ನಮ್ಮ ಗಾಳಿಬೀಡು ಕಡೆ ಮಾರ್ಚ್‌ನಲ್ಲಿ ಒಂದು ಮಳೆ ಬಿದ್ದರೆ ಸಾಕು, ಮಾರನೆಯ ಬೆಳಿಗ್ಗೆ ಯಾರೂ ಯಾರ ಯೋಗಕ್ಷೇಮವನ್ನೂ ಕೇಳುವುದಿಲ್ಲ. "ನಿಮ್ಮಲ್ಲಿ ಎಷ್ಟು ಸೆಂಟ್?" ಎಂದೇ ಮಾತು ಶುರು. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಕಾಫಿ ಹೂ ಬಿಡಬೇಕಾದರೆ ಆ ಮಳೆ ಬೇಕೇ ಬೇಕು. ಅಂಗಳದ ಮಳೆಮಾಪಕವನ್ನು ನನ್ನ ಮಾವ ಬಿಟ್ಟು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಸುತ್ತಲಿನ ತೋಟದವರೆಲ್ಲ ಅವರಿಗೆ ಫೋನ್ ಮಾಡಿ ತಮ್ಮ ಲೆಕ್ಕ ಒಪ್ಪಿಸಿ, ಬೇರೆಯವರದನ್ನು ಕೇಳಿಕೊಳ್ಳುವುದು ರೂಢಿ. ಜೊತೆಗೆ ಮೆಣಸಿನ ರೇಟು, ಮಂಡಿ ನೋವು, ರಾತ್ರಿ ಬಂದು ಹೋದ ಆನೆ, ಎಲ್ಲ ಬರುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ಮಾವನಿಗೆ ಬೆಳಗಾಗುತ್ತಿದ್ದದ್ದೇ ಆ ಫೋನುಗಳಿಂದ.

ನಮ್ಮ ಬೆಳೆಗಾರರ ಗುಂಪಿಗೆ ವೆಬ್‌ಸೈಟ್ ಮಾಡಿಕೊಟ್ಟವಳು ನಾನು. ಅದು ಕ್ಲೌಡ್‌ನಲ್ಲಿದೆ, ಸದಸ್ಯರು ಮೊಬೈಲ್‌ನಲ್ಲೇ ಒಳಗೆ ಹೋಗಿ ಖಾನೆ ತುಂಬಿದರೆ ಪುಟದ ಮೇಲೆ ಬಂದುಬಿಡುತ್ತದೆ. ಈ ವರ್ಷ ಗುಂಪಿನ ಕಾರ್ಯದರ್ಶಿ, "ಮಳೆಗೂ ಒಂದು ಖಾನೆ ಮಾಡಿಬಿಡಮ್ಮ, ದಿನಾ ಫೋನ್ ಮಾಡೋ ರಗಳೆ ತಪ್ತದೆ" ಎಂದರು. ಮಾಡಿದೆ. ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ.

ಮೊದಲು ಒಂದೆರಡು ತುಂತುರು ಮಳೆ ಬಂತು. ಬೆಳಿಗ್ಗೆ ಮಾವ ಅಳತೆ ಮುಗಿಸಿ ಜಗಲಿಯಲ್ಲಿ ಕೂತರು. ಫೋನ್ ಸದ್ದೇ ಇಲ್ಲ. ಎತ್ತಿ ನೋಡಿದರು, ಇಟ್ಟರು, ಮತ್ತೆ ಎತ್ತಿದರು.

"ಟವರ್ ಇಲ್ಲೆಯಾ?"

"ಉಂಟು ಮಾವ."

"ಹಂಗಾರೆ ಸರಿ," ಎಂದು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ನೀವೂ ಸೈಟಿಗೆ ಹಾಕಿ ಎಂದರೆ, "ಪೆಟ್ಟಿಗೆಗೆ ಹೇಳ್ಲಿಕ್ಕೆ ನಂಗೇನು ಮರುಳಾ?" ಎಂದು ಗದರಿದರು.

ಆಮೇಲೆ ಬಂತು ನೋಡಿ ನಿಜವಾದ ಹೂಮಳೆ! ಬೆಳಿಗ್ಗೆ ಸೈಟ್ ತೆರೆದರೆ ಕೆಳಗಿನ ತೋಟಕ್ಕೆ ಎಂಬತ್ತು ಇಂಚು, ಅದರ ಪಕ್ಕದ ತೋಟಕ್ಕೆ ಎಪ್ಪತ್ತೈದು ಇಂಚು! ಖಾನೆಯಲ್ಲಿ ನಾನು ಕೇಳಿದ್ದು ಇಂಚಿನ ಲೆಕ್ಕ. ನಮ್ಮವರು ಯಾವತ್ತು ಪಾಯಿಂಟ್ ಎಂಟು ಇಂಚು ಅಂದಿದ್ದಾರೆ? ಬಾಯಲ್ಲಿ ಹೇಳುವ ಎಂಬತ್ತು ಸೆಂಟನ್ನು ಹಾಗೇ ಎಂಬತ್ತು ಎಂದು ಒತ್ತಿಬಿಟ್ಟಿದ್ದರು. ಸೈಟ್ ನೋಡಿ ಮೈಸೂರಿನಿಂದ ನಾದಿನಿ ಅಳುತ್ತಾ ಫೋನ್ ಮಾಡಿದಳು: "ಅತ್ತಿಗೆ, ಮನೆ ಉಂಟಾ, ಕೊಚ್ಚಿ ಹೋಯ್ತಾ?"

"ಮನೆಯೂ ಉಂಟು, ನಿನ್ನಪ್ಪನೂ ಉಂಟು, ದೋಸೆ ತಿಂತಾ ಇದ್ದಾರೆ," ಎಂದೆ. ಮಾವ ನಕ್ಕ ನಗುವಿಗೆ ಚಟ್ನಿ ನೆತ್ತಿಗೇರಿತು.

ಕಾರ್ಯದರ್ಶಿ ಸರಿಮಾಡು ಎಂದು ದುಂಬಾಲು ಬಿದ್ದರು. ಕಷ್ಟದ ಕೆಲಸವೇನಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಇಂಚಿಗೊಂದು, ಸೆಂಟಿಗೊಂದು ಖಾನೆ ಮಾಡಿ, ಇದಕ್ಕಿಂತ ಹೆಚ್ಚು ಹಾಕುವಂತಿಲ್ಲ ಎಂದು ಮಿತಿ ಕೊಟ್ಟೆ. ಅಲ್ಲಿಗೆ ಮುಗಿಯಿತು. ಆದರೆ ಅದರ ಕೆಳಗೇ ಇನ್ನೊಂದು ಆಯ್ಕೆ ಇತ್ತು: ಈ ಖಾನೆಯನ್ನು ಯಾರು ಯಾರು ತುಂಬಬಹುದು? ಎಲ್ಲ ಸದಸ್ಯರ ಮುಂದೆಯೂ ಟಿಕ್ ಇತ್ತು. ಒಂದೊಂದಾಗಿ ತೆಗೆದು, ಮಾವನದೊಂದನ್ನು ಉಳಿಸಿದೆ.

ಕಾರ್ಯದರ್ಶಿಗೆ ಗಂಭೀರವಾಗಿ ಹೇಳಿದೆ: "ಲೆಕ್ಕ ತಪ್ಪಬಾರದು ಅಂದ್ರೆ ಒಬ್ಬರ ಕೈಯಲ್ಲೇ ಇರ್ಬೇಕು. ಎಲ್ಲರೂ ಮಾವನಿಗೆ ಫೋನ್ ಮಾಡಿ ಹೇಳ್ಲಿ."

"ಅವರು ಬೈತಾರಲ್ಲ ಮಾರಾಯ್ತಿ!"

"ಬೈಸಿಕೊಳ್ಳಿ."

ಮಾವ ಹಾರಾಡಿದರು. "ಈ ವಯಸ್ಸಲ್ಲಿ ನನ್ನನ್ನು ನಿಮ್ಮ ರೈಟರ್ ಮಾಡ್ದೆಯಾ?" ತೋಟದ ಲೆಕ್ಕ ಬರೆಯುವ ರೈಟರ್ ಕೆಲಸ ತಮ್ಮ ಘನತೆಗೆ ಕಡಿಮೆ ಎಂಬ ಹಾಗೆ. ಆದರೂ ಎಲ್ಲಿ ಒತ್ತಬೇಕು ಎಂದು ಕಲಿತರು. ಮುಂದಿನ ಮಳೆಯ ಬೆಳಿಗ್ಗೆ ನೋಡಿದರೆ ಗಡ್ಡ ಹೆರೆದು, ಇಸ್ತ್ರಿ ಶರ್ಟು ಹಾಕಿ, ಫೋನನ್ನು ಚಾರ್ಜಿಗೆ ಸಿಕ್ಕಿಸಿಕೊಂಡೇ ಕೂತಿದ್ದಾರೆ!

ಫೋನ್ ಒಂದರ ಹಿಂದೊಂದು. "ಎಷ್ಟು? ಮೂವತ್ತಾ? ಸುಳ್ಳು! ನಿನ್ನ ಮಾಪಕ ಹಲಸಿನ ಮರದ ಕೆಳಗುಂಟು, ಎಲೆಯಿಂದ ತೊಟ್ಟಿಕ್ಕಿದ್ದನ್ನೂ ಸೇರ್ಸಿ ಹೇಳ್ತಿದ್ದೀಯ!" ತೋಟವಿಡೀ ಬೆಳ್ಳಗೆ ಹೂವಾಗಿ, ಆ ಪರಿಮಳ ಅಡುಗೆಮನೆವರೆಗೂ ಬಂದಿತ್ತು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ಕೇಳುತ್ತಿದ್ದೆ. ಅಷ್ಟು ಖುಷಿ ನನಗೆ ಆ ಸೈಟ್ ಮಾಡಿದ ದಿನವೂ ಆಗಿರಲಿಲ್ಲ.

ಕೆಲವು ದಿನ ಕಳೆದು, ನಾನು ಲ್ಯಾಪ್‌ಟಾಪಿನಲ್ಲಿ ಅದೇ ಸೆಟ್ಟಿಂಗ್ಸ್ ತೆರೆದಿದ್ದಾಗ ಮಾವ ಹಿಂದೆ ಬಂದು ನಿಂತರು. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

"ಹೆಚ್ಚು ಹಾಕ್ದಂಗೆ ಮಿತಿ ಕೊಟ್ಟಾಗಿದೆಯಲ್ಲ. ಮತ್ತೆ ಉಳಿದವರದ್ದು ಯಾಕೆ ಬಂದ್ ಮಾಡಿದ್ದು?"

ಸಿಕ್ಕಿಬಿದ್ದೆ. "ತೆರೆಯಲಾ ಮಾವ? ಒಂದು ನಿಮಿಷದ ಕೆಲಸ."

ಅವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಜಗಲಿಯಲ್ಲಿ ಫೋನ್ ಬಡಿದುಕೊಂಡಿತು. ಬಾಗಿಲಲ್ಲಿ ತಿರುಗಿ, "ತೆರೆದ್ರೆ ನೋಡು!" ಎಂದು ನನಗೆ ಬೆರಳು ತೋರಿಸಿ, ಓಡುನಡಿಗೆಯಲ್ಲಿ ಹೋಗಿ ಫೋನ್ ಎತ್ತಿದರು.

"ಹೂಂ, ಹೇಳು. ಎಷ್ಟು ಸೆಂಟ್?"